ಗರಗಸದ ತಪ್ಪು

ಹೆಂಡತಿ ಚಹಾದ ಲೋಟ ಮುಂದಿಟ್ಟು ಒಳಗೆ ಹೋದಳು. ಚಹಾ ಅರ್ಧವೇ ಇತ್ತು. ನಿನ್ನೆಯೂ ಅರ್ಧ ಇತ್ತು, ಅದಕ್ಕೂ ಹಿಂದೆ ಇದ್ದಿರಬೇಕು. ನೂಲಪ್ಪನ ಗಮನಕ್ಕೆ ಬಂದದ್ದು ಮಾತ್ರ ಇವತ್ತು. ಹಾಲು ಸಾಲದೆ ಹೋಯಿತೇನೋ ಎಂದು ಸಮಾಧಾನ ಮಾಡಿಕೊಳ್ಳಲು ಹೊರಟವನಿಗೆ, ಅಡುಗೆಮನೆಯಲ್ಲಿ ಅವಳು ಉಳಿದರ್ಧವನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿ ತಟ್ಟೆ ಮುಚ್ಚಿಟ್ಟದ್ದು ಬಾಗಿಲ ಸಂದಿಯಿಂದ ಕಂಡಿತು. ಇದು ಮುಗಿದ ಮೇಲೆ ಅದು ಬರುತ್ತದೆ. ತುಂಬಿದ ಲೋಟ ಎತ್ತಿದರೆ ಗಂಡನ ಕೈಯಲ್ಲಿ ಚಹಾ ಅಂಚು ದಾಟಿ ಚೆಲ್ಲುತ್ತದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ, ಅಂಗಿ ಒಗೆಯುವವಳು ಅವಳೇ. ಒಂದು ಮಾತು ಕೇಳಿಲ್ಲ, ಡಾಕ್ಟರ ಹತ್ತಿರ ಹೋಗಿ ಎಂದಿಲ್ಲ, ಮುಖ ಸಣ್ಣದು ಮಾಡಿಲ್ಲ. ಅಳತೆ ನೋಡಿಕೊಂಡು ಅರ್ಧ ಬಗ್ಗಿಸಿದ್ದಾಳೆ, ಅಷ್ಟೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅರ್ಧ ಲೋಟ ಚಹಾದ ಜೊತೆ ಯಾರು ಜಗಳ ಆಡುತ್ತಾರೆ? ಅವನು ಮೊಣಕೈಗಳನ್ನು ಮೇಜಿಗೆ ಊರಿ, ಎರಡೂ ಕೈಯಲ್ಲಿ ಲೋಟ ಹಿಡಿದು, ತಲೆಯನ್ನೇ ಬಗ್ಗಿಸಿ ಕುಡಿದ. ಎರಡನೆಯ ಅರ್ಧ ಬರುವ ಮೊದಲೇ ಎದ್ದು ಚಪ್ಪಲಿ ಮೆಟ್ಟಿಕೊಂಡ. ಹೊರಗೆ ಅವನ ತಮ್ಮ ಸ್ಕೂಟರಿನ ಸದ್ದು ಮಾಡಿಸುತ್ತ ಕಾಯುತ್ತಿದ್ದ.

ಇವತ್ತು ಅಣ್ಣತಮ್ಮಂದಿರ ಮರಗೆಲಸದ ಕಾರ್ಖಾನೆಗೆ ಹೊಸ ಗರಗಸ ತರುವ ದಿನ. ತಮ್ಮ ಬೆಳಿಗ್ಗೆಯೇ ಗಡ್ಡ ಬೋಳಿಸಿಕೊಂಡು ಇಸ್ತ್ರಿಯ ಅಂಗಿ ಹಾಕಿಕೊಂಡಿದ್ದ. ದಾರಿಯುದ್ದಕ್ಕೂ ಮೋಟರಿನ ಶಕ್ತಿಯ ಬಗ್ಗೆ, ಇನ್ನುಮೇಲೆ ಎಷ್ಟು ಹೆಚ್ಚು ಕೆಲಸ ಹಿಡಿಯಬಹುದು ಎಂಬುದರ ಬಗ್ಗೆ ಹೇಳುತ್ತಲೇ ಇದ್ದ. ಅದರಲ್ಲಿ ಅರ್ಧ ಗಾಳಿಗೆ ಹಾರಿಹೋಗುತ್ತಿತ್ತು. ನೂಲಪ್ಪ ಹಿಂದೆ ಕುಳಿತು ಸೀಟಿನ ಕಬ್ಬಿಣದ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದ. ಬಿಗಿಯಾಗಿ ಏನನ್ನಾದರೂ ಹಿಡಿದರೆ ಕೈ ಸುಮ್ಮನಿರುತ್ತದೆ. ಹಗುರವಾಗಿ ಹಿಡಿಯಬೇಕಾದ ಕಡೆಯೇ ಅದರ ಆಟ: ಲೋಟ, ಪೆನ್ಸಿಲ್ಲು, ಬ್ಲೇಡಿನತ್ತ ಸರಿಯುವ ಹಲಗೆಯ ಅಂಚು. ನೂಲಪ್ಪ ಎಂಬುದು ಅವನ ಹೆಸರಲ್ಲ. ಹಿಂದೆ ಯಾವನೋ ಗಿರಾಕಿ ಅವನು ಕುಯ್ದ ಹಲಗೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ನೂಲು ಹಿಡಿದ ಹಾಗಿದೆಯಲ್ಲಪ್ಪ ಎಂದಿದ್ದ. ಅಷ್ಟೇ ಸಾಕಾಯಿತು. ಈಗ ಕರೆಂಟ್ ಬಿಲ್ಲಿನ ಮೇಲೆ ಬಿಟ್ಟು ಉಳಿದೆಲ್ಲ ಕಡೆ ಅವನು ನೂಲಪ್ಪನೇ, ಹೆಂಡತಿಯ ತವರಿನವರ ಬಾಯಲ್ಲೂ ಅದೇ. ಮೊದಮೊದಲು ತಮಾಷೆಯಾಗಿದ್ದದ್ದು ಆಮೇಲೆ ಮೈಗೆ ಹತ್ತಿಬಿಟ್ಟಿತು. ಅಂಥ ಹೆಸರು ಹೊತ್ತವನಿಗೆ ಕೈ ನಡುಗಬಾರದು.

ನಡುಗಿತು. ಶುರುವಾದದ್ದು ಯಾವಾಗ ಎಂದು ಅವನಿಗೇ ಸರಿಯಾಗಿ ಗೊತ್ತಿಲ್ಲ, ಹೊರಗೆ ಬಂದದ್ದು ಮಾತ್ರ ಗಿರಾಕಿಯಾಗಿ ಬಂದ ಒಬ್ಬ ನರ್ಸಮ್ಮನ ಕಪಾಟಿನ ಬಾಗಿಲುಗಳಲ್ಲಿ. ಆಕೆ ಬಾಗಿಲಿನ ಅಂಚಿನುದ್ದಕ್ಕೂ ಹೆಬ್ಬೆರಳು ಓಡಿಸಿ, ಇಲ್ಲಿ ಯಾಕೋ ಹಾವು ಹರಿದ ಹಾಗಿದೆಯಲ್ಲ ಎಂದಳು. ಕೋಪದಿಂದಲ್ಲ, ಅವಳಿಗೆ ನಿಜವಾಗಿ ಆಶ್ಚರ್ಯವಾಗಿತ್ತು. ಆಗ ನೂಲಪ್ಪನ ಬಾಯಿಂದ, ಯೋಚನೆಯೇ ಇಲ್ಲದೆ, ಗರಗಸಕ್ಕೆ ವಯಸ್ಸಾಯ್ತು ತಾಯಿ, ಬ್ಲೇಡು ಅಲ್ಲಾಡುತ್ತೆ ಎಂಬ ಮಾತು ಬಂತು. ಪಕ್ಕದಲ್ಲಿದ್ದ ತಮ್ಮ ಆ ಕ್ಷಣವೇ ನಂಬಿದ. ನಂಬಿದ್ದಷ್ಟೇ ಅಲ್ಲ, ಅಣ್ಣನ ಪರವಾಗಿ ಅವನಿಗೆ ಸಿಟ್ಟು ಬಂತು. ಇಂಥ ಕೈಗೆ ಅಂಥ ಡಕೋಟ ಗರಗಸ ಕೊಟ್ಟು ಕೂರಿಸಿದ್ದೀನಲ್ಲ ಎಂದು ತನ್ನನ್ನೇ ಬೈದುಕೊಂಡ. ಕಾರ್ಖಾನೆಯಲ್ಲಿ ಎಲ್ಲರೂ ದೊಡ್ಡಮ್ಮ ಎಂದು ಕರೆಯುತ್ತಿದ್ದ ಆ ಹಳೆಯ ಗರಗಸಕ್ಕೆ ಬಾಯಿಲ್ಲ. ಇದ್ದಿದ್ದರೆ ಅದೇನು ಹೇಳುತ್ತಿತ್ತೋ. ಎರಡನೆಯ ಸಲ ಅಂಚು ಕೆಟ್ಟಾಗ ಸುಳ್ಳು ಹೇಳುವ ಕಷ್ಟವೂ ಇರಲಿಲ್ಲ, ತಮ್ಮನೇ ಹೇಳಿದ. ಮೂರನೆಯ ಸಲ ಹೊಸದು ತರುವುದೆಂದು ತೀರ್ಮಾನವಾಯಿತು. ಆಗ ನೂಲಪ್ಪನಿಗೆ ತಾನು ಮಾಡಿಕೊಂಡದ್ದು ಅರ್ಥವಾಯಿತು. ಹೊಸ ಗರಗಸದಲ್ಲೂ ಅಂಚು ಹಾಗೇ ಬಂದರೆ ದೂರಲು ಯಾರು ಉಳಿದಿರುತ್ತಾರೆ?

ಗರಗಸದ ಮುಂದೆ ನಿಲ್ಲುವವನು ಯಾರೋ ಕಾರ್ಖಾನೆ ಅವನದು, ಬೋರ್ಡಿನ ಮೇಲೆ ಯಾರ ಹೆಸರಾದರೂ ಇರಲಿ. ತಮ್ಮ ಒಳ್ಳೆಯವನು, ಹೊರಗೆ ಹಾಕುವವನಲ್ಲ. ಅಣ್ಣನಿಗೆ ಮುಂಬಾಗಿಲ ಹತ್ತಿರ ಒಂದು ಕುರ್ಚಿ ಹಾಕಿಸುತ್ತಾನೆ, ಮೆತ್ತೆಯನ್ನೂ ಇಡಿಸುತ್ತಾನೆ. ಗಿರಾಕಿಗಳು ಬಂದಾಗ ನಮ್ಮಣ್ಣ, ಒಂದು ಕಾಲದಲ್ಲಿ ಇವರ ಕೈ ನೋಡಬೇಕಿತ್ತು ಎನ್ನುತ್ತಾನೆ. ಆ ‘ಒಂದು ಕಾಲದಲ್ಲಿ’ ಎಂಬುದನ್ನು ಕೇಳಿಸಿಕೊಳ್ಳಲು ನೂಲಪ್ಪ ತಯಾರಿರಲಿಲ್ಲ. ಸತ್ತರೂ ಆ ಕುರ್ಚಿಯಲ್ಲಿ ಕೂರುವುದಿಲ್ಲ ಎಂದು ಅವನು ನಿರ್ಧರಿಸಿದ್ದ.

ಅಂಗಡಿಯಲ್ಲಿ ಗ್ರೀಸು ಮತ್ತು ರಟ್ಟಿನ ವಾಸನೆ. ಗರಗಸಗಳು ಸಾಲಾಗಿ ನಿಂತಿದ್ದವು, ಒಂದೊಂದರ ಹೊಟ್ಟೆಯ ಮೇಲೂ ಬಣ್ಣದ ಚೀಟಿ. ತಮ್ಮ ನೇರ ಹೋಗಿ ಎಲ್ಲಕ್ಕಿಂತ ದೊಡ್ಡ ಮೋಟರಿನದರ ಮುಂದೆ ನಿಂತ. ನೂಲಪ್ಪ ಮೋಟರಿನ ಕಡೆ ಕಣ್ಣೂ ಹಾಯಿಸಲಿಲ್ಲ. ಅವನು ನೋಡಿದ್ದು ಗೈಡನ್ನು, ಹಲಗೆ ಒರಗಿಕೊಂಡು ಮುಂದೆ ಸರಿಯುವ ಆ ಕಬ್ಬಿಣದ ಪಟ್ಟಿಯನ್ನು. ದೊಡ್ಡಮ್ಮನ ಗೈಡು ಮರದ್ದು, ಮುಂದೊಂದು ತಿರುಪು, ಉಳಿದದ್ದೆಲ್ಲ ಕೈಯ ಜವಾಬ್ದಾರಿ. ಎಡಗೈ ಹಲಗೆಯನ್ನು ಗೈಡಿಗೆ ಒತ್ತಿಕೊಂಡಿರಬೇಕು, ಬಲಗೈ ದೂಡಬೇಕು, ಎರಡೂ ಒಂದರ ಮಾತು ಒಂದು ಕೇಳಬೇಕು. ಅವನಿಗೆ ಬೇಕಾಗಿದ್ದದ್ದು ಕೈಯನ್ನು ಏನೂ ಕೇಳದ ಗರಗಸ. ಒಂದೊಂದರ ಗೈಡನ್ನೂ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದ. ಹಿಂದೆಯೂ ಮುಂದೆಯೂ ಬಿಗಿದುಕೊಳ್ಳುವ ಒಂದನ್ನು ಆರಿಸಿದ. ಮೋಟರು ಸಣ್ಣದಾಯ್ತು ಎಂದು ತಮ್ಮ ಗೊಣಗಿದ್ದಕ್ಕೆ, ಓಟ ಮುಖ್ಯ ಅಲ್ಲ ಕಣೋ, ಹಿಡಿತ ಮುಖ್ಯ ಎಂದ. ಈ ಮಾತು ಕೇಳಿ ತಲೆದೂಗಿದ ಅಂಗಡಿಯವನು ಒಂದು ಹಲಗೆಯ ತುಂಡು ತಂದು ಮೇಜಿನ ಮೇಲಿಟ್ಟು, ಒಂದು ಸಲ ಓಡಿಸಿ ನೋಡಿ ಯಜಮಾನರೇ ಎಂದ.

ತಮ್ಮನ ಮುಖ ಅರಳಿತು. ಅಣ್ಣನ ಕೈಚಳಕ ನಾಲ್ಕು ಜನ ನೋಡಲಿ ಎಂದು ಅವನು ಆಗಲೇ ಪಕ್ಕಕ್ಕೆ ಸರಿದು ಜಾಗ ಬಿಟ್ಟಿದ್ದ. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ನೂಲಪ್ಪ ಕೈ ಹಿಂದೆ ಕಟ್ಟಿಕೊಂಡು, ಅಂಗಡಿ ಹಲಗೆ ಕುಯ್ದು ಗರಗಸ ತಗೊಳ್ಳೋನು ನಾನಲ್ಲ, ಬರೀ ಓಡಿಸಿ, ಸದ್ದು ಕೇಳಿದ್ರೆ ಸಾಕು ಎಂದ. ಕಣ್ಣು ಮುಚ್ಚಿ ಕೇಳಿದ ಹಾಗೆ ನಿಂತ. ಮೋಟರಿನ ಸದ್ದು ಕಿವಿಗೆ ಬಿತ್ತೋ ಇಲ್ಲವೋ. ಅಂಗಡಿಯವನು ಪಕ್ಕದ ಗಿರಾಕಿಗಳ ಕಡೆ ತಿರುಗಿ, ನೋಡಿ, ಪಳಗಿದವರು ತಗೊಳ್ಳೋ ರೀತಿ ಹೀಗಿರುತ್ತೆ ಎಂದ. ತಮ್ಮ ಹೆಮ್ಮೆಯಿಂದ ಕೆಮ್ಮಿದ. ಇಬ್ಬರು ಅಪರಿಚಿತರು ತನ್ನನ್ನು ಗೌರವದಿಂದ ನೋಡುತ್ತಿದ್ದ ಆ ಹೊತ್ತಿನಲ್ಲಿ ನೂಲಪ್ಪನಿಗೆ ಸೋದರಮಾವನ ನೆನಪು ಯಾಕೆ ಬರಬೇಕು? ಉಳಿ ಹಿಡಿಯುವುದನ್ನು ಕಲಿಸಿದ ಮಾವ. ಕೊನೆಕೊನೆಗೆ ಮಾವನ ಕೈ ಎಷ್ಟು ನಡುಗುತ್ತಿತ್ತೆಂದರೆ ಸುತ್ತಿಗೆ ಮೊಳೆ ಬಿಟ್ಟು ಬೇರೆಲ್ಲ ಕಡೆ ಬೀಳುತ್ತಿತ್ತು. ಅವನು ಊಟಕ್ಕೆ ಎದ್ದುಹೋದ ಮೇಲೆ ಉಳಿದವರು ಅವನ ಅಣಕು ಮಾಡುತ್ತಿದ್ದರು. ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದವನು ನೂಲಪ್ಪ. ಮಣಿಕಟ್ಟು ಸಡಿಲ ಬಿಟ್ಟು ಬೆರಳುಗಳನ್ನು ಮಾತ್ರ ಕುಣಿಸಬೇಕು, ಅದರಲ್ಲಿತ್ತು ಗುಟ್ಟು. ಇನ್ನೊಂದು ಸಲ ಮಾಡು, ಇನ್ನೊಂದು ಸಲ ಮಾಡು ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಮ್ಮೆ ಮಾವ ಬಾಗಿಲಲ್ಲೇ ನಿಂತು ನೋಡಿದ. ಬಂದು ಕೂತು ಕೆಲಸ ಮುಂದುವರಿಸಿದ. ಈಗ ಅಣಕು ಮಾಡಲು ನೂಲಪ್ಪ ಪ್ರಯತ್ನಪಡಬೇಕಾಗಿಲ್ಲ.

ಗರಗಸ ಆಯಿತು, ಇನ್ನು ಅದರ ಪರಿವಾರ. ಉದ್ದಕ್ಕೆ ಸೀಳಲು ಕಡಿಮೆ ಹಲ್ಲಿನ ಬ್ಲೇಡು, ಪ್ಲೈವುಡ್ಡಿಗೆ ಹೆಚ್ಚು ಹಲ್ಲಿನದು. ಬ್ಲೇಡಿನ ಹಿಂದೆ ನಿಂತು ಸೀಳು ಮುಚ್ಚಿಕೊಳ್ಳದಂತೆ ನೋಡಿಕೊಳ್ಳುವ ಪಟ್ಟಿ, ಮೇಲೆ ಪಾರದರ್ಶಕ ಮುಚ್ಚಳ. ಇಷ್ಟಕ್ಕೆ ತಮ್ಮನ ತಕರಾರಿರಲಿಲ್ಲ. ನೂಲಪ್ಪ ನಿಲ್ಲಲಿಲ್ಲ. ಅಡಿಯಲ್ಲಿ ರಬ್ಬರಿರುವ, ಗಾರೆಯವರ ಉಜ್ಜುಮಣೆಯಂಥ ತಳ್ಳುಹಿಡಿಗಳನ್ನು ಜೊತೆಯಾಗಿ ತೆಗೆದುಕೊಂಡ. ಮೇಜಿನ ಕಾಲುವೆಯಲ್ಲಿ ಸರಿಯುವ, ಹಲಗೆಯನ್ನು ಕಟ್ಟಿ ಕೂರಿಸಿ ಅಡ್ಡ ಕುಯ್ಯುವ ಜಾರುಮಣೆ ಬೇಕೆಂದ. ಆರಿಸುವ ಗುಂಡಿಯನ್ನು ಬೆರಳಿನಲ್ಲಿ ಹುಡುಕುವಂತಿರಬಾರದು, ಮೊಣಕಾಲಿನಲ್ಲಿ ಒತ್ತುವ ಅಗಲದ ಹಲಗೆಯಾಗಿರಬೇಕು, ಅದನ್ನು ಇಲ್ಲೇ ಕೂರಿಸಿಕೊಡಿ ಎಂದು ಪಟ್ಟುಹಿಡಿದ. ಅಂಗಡಿಯವನು ಇದಕ್ಕೆಲ್ಲ ಸಮಯ ಹಿಡಿಯುತ್ತೆ ಎಂದರೂ ಮೆಕ್ಯಾನಿಕ್ಕನ್ನು ಕರೆದ. ನಿನಗ್ಯಾಕಣ್ಣ ಈ ಮಂಗಾಟ ಎಲ್ಲ, ಎಂದು ತಮ್ಮ ಮೆಲ್ಲಗೆ ಕೇಳಿದ. ನೂಲಪ್ಪ ಕಣ್ಣು ತೆಗೆಯದೆ ಮೆಕ್ಯಾನಿಕ್ಕಿನ ತಿರುಪುಳಿಯನ್ನೇ ನೋಡುತ್ತ, ಕಾಲ ಬದಲಾಗಿದೆ, ಜಾಗ್ರತೆ ಮುಖ್ಯ ಎಂದ. ಜಾಗ್ರತೆ ಎಂಬ ಮಾತಿಗೆ ಎದುರಾಡುವವರು ಯಾರೂ ಇಲ್ಲ. ತಮ್ಮ ಬಿಲ್ಲು ಮಾಡಿಸಲು ಹೋದ.

ಮಧ್ಯಾಹ್ನಕ್ಕೆ ಗೂಡ್ಸ್ ಗಾಡಿಯಲ್ಲಿ ಗರಗಸ ಬಂದು ಕಾರ್ಖಾನೆಯ ನಡುವೆ ಕೂತಿತು. ದೊಡ್ಡಮ್ಮನನ್ನು ಗೋಡೆಯ ಪಕ್ಕಕ್ಕೆ ಸರಿಸಿದ್ದರು. ಅದು ಇದ್ದ ಜಾಗದಲ್ಲಿ ನೆಲ ಬೆಳ್ಳಗಿತ್ತು, ಸುತ್ತ ಹೊಟ್ಟು ಮೆತ್ತಿ ಕಪ್ಪಾಗಿತ್ತು. ಮೂಲೆಯ ಕಿಟಕಿಯ ಕೆಳಗೆ ತಮ್ಮನ ಹೆಂಡತಿ ಉಪ್ಪು ಕಾಗದ ಹಿಡಿದು ಒಂದು ಮೇಜಿನ ಕಾಲನ್ನು ಉಜ್ಜಿ ನುಣುಪು ಮಾಡುತ್ತಿದ್ದಳು. ಉಜ್ಜುವುದು, ಪಾಲಿಶು ಎರಡೂ ಅವಳದೇ. ಈ ಮನೆಗೆ ಬಂದ ಹೊಸದರಲ್ಲಿ ಅವಳು ಒಮ್ಮೆ, ಭಾವ, ನನಗೂ ಕುಯ್ಯೋದು ಹೇಳ್ಕೊಡಿ ಎಂದು ಕೇಳಿದ್ದಳು. ಕೂದಲು ಸಿಕ್ಕಿಕೊಂಡ್ರೆ ಬುರುಡೆ ಸಮೇತ ಎಳ್ಕೊಳ್ಳುತ್ತೆ, ಅದೇನು ಹೊಲಿಗೆ ಮಿಷನ್ನಾ ಎಂದು ನೂಲಪ್ಪ ನಕ್ಕಿದ್ದ, ತಮ್ಮನೂ ನಕ್ಕಿದ್ದ. ಮಾರನೆಯ ದಿನ ಅವಳು ಕೂದಲನ್ನು ಬಿಗಿಯಾಗಿ ಕಟ್ಟಿ ಮೇಲೊಂದು ಬಟ್ಟೆ ಸುತ್ತಿ, ಗಂಡನ ಹಳೆಯ ಅಂಗಿ ತೊಟ್ಟು ಬಂದಿದ್ದಳು. ಯಾರೂ ಆ ಮಾತು ಎತ್ತಲಿಲ್ಲ. ಅವಳು ಸ್ವಲ್ಪ ಹೊತ್ತು ನಿಂತಿದ್ದು ಮೂಲೆಗೆ ಹೋಗಿ ಉಪ್ಪು ಕಾಗದ ಹಿಡಿದಳು. ಅಲ್ಲಿಂದ ಅವಳು ದಿನವೂ ಹಾಗೇ ಬರುತ್ತಿದ್ದಳು. ಅದನ್ನು ನೋಡಿ ನೋಡಿ ಅಭ್ಯಾಸವಾಗಿ ಯಾರಿಗೂ ಅದು ಕಾಣಿಸುತ್ತಲೇ ಇರಲಿಲ್ಲ.

ನೂಲಪ್ಪ ತಾನೇ ಮಾಡಿಟ್ಟಿದ್ದ ಬಾಚಣಿಗೆಯನ್ನು ಗೋಣಿಯಿಂದ ತೆಗೆದ. ಗಟ್ಟಿ ಮರದ ಹಲಗೆ, ಒಂದು ತುದಿಯಲ್ಲಿ ಒಂದೇ ಓರೆಗೆ ಸೀಳಿದ ಹಲ್ಲುಗಳು. ಗರಗಸದ ಮೇಜಿಗೆ ತಿರುಪು ಹಾಕಿ ಕೂರಿಸಿದರೆ ಆ ಹಲ್ಲುಗಳು ಹಲಗೆಯನ್ನು ಗೈಡಿಗೆ ಒತ್ತಿ ಹಿಡಿಯುತ್ತವೆ, ಮುಂದೆ ಬಿಡುತ್ತವೆ, ಹಿಂದೆ ಬಿಡುವುದಿಲ್ಲ. ಎಡಗೈಯ ಕೆಲಸ ಪೂರ್ತಿ ಅದರದು. ಎಲ್ಲರೂ ಮನೆಗೆ ಹೋದ ಮೇಲೆ ಉಳಿದು, ಕೈಗರಗಸವನ್ನು ಮುಷ್ಟಿ ಬಿಗಿದು ಹಿಡಿದು, ಒಂದೊಂದು ಹಲ್ಲನ್ನೂ ಸೀಳಿದ್ದ. ಎರಡು ಸಲ ಹಾಳಾಗಿ, ಒಲೆಗೆ ಹಾಕಿ, ಮೂರನೆಯದು ಇದು. ಇಷ್ಟು ಮುತುವರ್ಜಿಯಿಂದ ಅವನು ಯಾವ ಗಿರಾಕಿಗೂ ಏನನ್ನೂ ಮಾಡಿಕೊಟ್ಟಿರಲಿಲ್ಲ. ತಿರುಪು ಬಿಗಿಯುತ್ತಿದ್ದಾಗ ಅವನಿಗೆ ಬೆಳಗ್ಗಿನಿಂದ ಮೊದಲ ಸಲ ಉಸಿರು ಸರಾಗವಾಗಿ ಬಂತು. ಈ ಬಾಚಣಿಗೆಯೊಂದು ಗಟ್ಟಿಯಾಗಿ ನಿಂತರೆ ಸಾಕು. ಹಾಗೇ ಮುಂದುವರಿಸಬಹುದು, ಎಷ್ಟು ವರ್ಷವಾದರೂ.

ಪೆಟ್ಟಿಗೆಯವನು ಬಂದದ್ದು ಆಗ. ಹಣ್ಣು, ಗಾಜು, ಯಂತ್ರದ ಭಾಗ ಏನು ಕೊಟ್ಟರೂ ಅದಕ್ಕೊಂದು ಮರದ ಪೆಟ್ಟಿಗೆ ಮಾಡುವ ಮನುಷ್ಯ. ದೊಡ್ಡಮ್ಮನನ್ನು ಗುಜರಿ ಬೆಲೆಗೆ ಅವನಿಗೆ ಕೊಡುವುದೆಂದು ತಮ್ಮ ಮಾತಾಡಿದ್ದ. ಬಂದವನು ನೆಟ್ಟಗೆ ಗಾಡಿಗೆ ಎತ್ತಿಸಿಕೊಂಡು ಹೋಗಬಾರದೆ? ಜೇಬಿನಿಂದ ಒಂದು ಮೊಳೆ ತೆಗೆದ. ದೊಡ್ಡಮ್ಮನ ಮೇಲೆ ಬಗ್ಗಿ, ಮೊಳೆಯ ಮೊನೆಯನ್ನು ಬ್ಲೇಡಿನ ಕೆನ್ನೆಗೆ ಸೋಕಿಸಿ ಹಿಡಿದು, ಇನ್ನೊಂದು ಕೈಯಲ್ಲಿ ಬ್ಲೇಡನ್ನು ಮೆಲ್ಲನೆ ತಿರುಗಿಸಿದ. ಅಲ್ಲಾಡುವ ಬ್ಲೇಡಾದರೆ ಒಂದು ಕಡೆ ಮೊಳೆಯನ್ನು ಬಿಡಬೇಕು, ಇನ್ನೊಂದು ಕಡೆ ಉಜ್ಜಬೇಕು. ಕಿರ್ ಎಂಬ ಸಣ್ಣ ಸದ್ದು ಒಂದು ಸುತ್ತಿನುದ್ದಕ್ಕೂ ಒಂದೇ ಸಮನೆ ಬಂತು. ಅವನು ಇನ್ನೊಂದು ಸುತ್ತು ತಿರುಗಿಸಿದ. ಮೂಲೆಯಲ್ಲಿ ಉಜ್ಜುವುದು ನಿಂತಿತ್ತು.

“ಇದಕ್ಕೇನಾಗಿದೆ? ಚೆನ್ನಾಗೇ ಇದೆಯಲ್ಲ,” ಎಂದ ಪೆಟ್ಟಿಗೆಯವನು. ಅವನ ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ಅಗ್ಗಕ್ಕೆ ಒಳ್ಳೆಯ ಮಾಲು ಸಿಕ್ಕವನ ಅಚ್ಚರಿ ಅಷ್ಟೇ.

ತಮ್ಮ ಅಣ್ಣನ ಕಡೆ ನೋಡಿದ. ಆ ನೋಟದಲ್ಲಿ ಅನುಮಾನ ಇರಲಿಲ್ಲ, ಉತ್ತರಕ್ಕಾಗಿ ಕಾಯುವ ನಂಬಿಕೆ ಇತ್ತು, ಅದೇ ಹೆಚ್ಚು ಚುಚ್ಚಿತು. ನೂಲಪ್ಪ ತುಟಿ ಒದ್ದೆ ಮಾಡಿಕೊಂಡು, ತಣ್ಣಗಿದ್ದಾಗ ಗೊತ್ತಾಗಲ್ಲ, ಬಿಸಿ ಆದ್ಮೇಲೆ ಅಲ್ಲಾಡುತ್ತೆ ಎಂದ. ಹೇಳುತ್ತಿರುವಾಗಲೇ ಅದು ಎಂಥ ಬಡಪಾಯಿ ಸುಳ್ಳು ಎಂದು ತಿಳಿಯಿತು. ಪೆಟ್ಟಿಗೆಯವನು, ಹಾಗಿದ್ರೆ ಸ್ವಲ್ಪ ಹೊತ್ತು ಓಡಿಸಿ ನೋಡೋಣ ಎಂದು ಪ್ಲಗ್ಗಿಗಾಗಿ ಗೋಡೆಯ ಕಡೆ ಹೊರಟ. ಆಗ ಕಿಟಕಿಯ ಕೆಳಗಿನಿಂದ ತಮ್ಮನ ಹೆಂಡತಿ, ತಲೆ ಎತ್ತದೆ, ಹೌದು, ಬಿಸಿ ಆದ್ಮೇಲೇ ಅದರ ರಗಳೆ, ಹಾಳಾದ ಅಂಚನ್ನೆಲ್ಲ ಉಜ್ಜಿದ್ದು ನಾನೇ ಅಲ್ವಾ, ನಿಮ್ಮ ಪೆಟ್ಟಿಗೆಗೆ ಅಷ್ಟೆಲ್ಲ ನೋಡಬೇಕಾಗಿಲ್ಲ ಬಿಡಿ ಎಂದಳು. ಎಷ್ಟು ಸಲೀಸಾಗಿ ಹೇಳಿದಳು. ಪೆಟ್ಟಿಗೆಯವನು ನಕ್ಕು, ನಮ್ಮ ಪೆಟ್ಟಿಗೆಗೆ ಅಂಚು ಯಾರು ನೋಡ್ತಾರಮ್ಮ ಎಂದು ಹಗ್ಗ ತರಲು ಹೋದ. ನೂಲಪ್ಪನಿಗೆ ಜೀವ ಬಂದಂತಾಯಿತು, ಅದರ ಹಿಂದೆಯೇ, ಬಂದ ಜೀವ ಇಳಿದುಹೋಯಿತು. ಅವಳು ಸುಳ್ಳು ಹೇಳಿದ್ದಾಳೆಂದರೆ ಅವಳಿಗೆ ನಿಜ ಗೊತ್ತಿದೆ.

ನಾಲ್ಕು ಜನ ಸೇರಿ ದೊಡ್ಡಮ್ಮನನ್ನು ಗಾಡಿಗೆ ಏರಿಸಿದರು. ನೂಲಪ್ಪ ಒಂದು ಮೂಲೆ ಹಿಡಿದಿದ್ದ. ಭಾರಕ್ಕೆ ಅವನ ಕೈ ಕಲ್ಲಿನಂತೆ ನಿಂತಿತ್ತು. ಇಳಿಸಿಕೊಡಲು ತಮ್ಮನೂ ಜೊತೆಗೆ ಹೊರಟ. ಹೋಗುವ ಮೊದಲು, ನರ್ಸಮ್ಮನ ಕಪಾಟಿಗೆ ಮತ್ತೆ ಮಾಡಿಕೊಡಬೇಕಾದ ಬಾಗಿಲಿಗೆಂದು ಉಳಿಸಿದ್ದ ಹಳೆಯ ತೇಗದ ಹಲಗೆಯನ್ನು ಹೊಸ ಗರಗಸದ ಮೇಲೆ ಇಟ್ಟ. ಆ ಮರದಲ್ಲಿ ಉಳಿದದ್ದು ಅದೊಂದೇ. ಇದಕ್ಕೆ ಹೊಂದುವುದು ಇನ್ನು ಎಲ್ಲೂ ಸಿಗಲ್ಲ, ಮೊದಲನೇ ಕೊಯ್ತ ಇದರದೇ ಆಗ್ಲಿ, ನಾನು ಬಂದ ಮೇಲೆ ಶುರು ಮಾಡು ಅಣ್ಣ, ನಾನು ನೋಡ್ಬೇಕು ಎಂದು ಹೇಳಿ ಗಾಡಿ ಹತ್ತಿದ.

ಗಾಡಿಯ ಸದ್ದು ಬೀದಿಯ ತಿರುವಿನಲ್ಲಿ ಕರಗಿತು. ನೂಲಪ್ಪ ಬಾಚಣಿಗೆಯ ತಿರುಪನ್ನು, ಆಗಲೇ ಬಿಗಿಯಾಗಿದ್ದುದನ್ನು, ಮತ್ತೆ ಬಿಗಿಯತೊಡಗಿದ. ತಮ್ಮನ ಹೆಂಡತಿ ಎದ್ದು ಕೈಯ ಪುಡಿ ಕೊಡವಿಕೊಂಡು ಬಂದು ಗರಗಸದ ಇನ್ನೊಂದು ಬದಿಯಲ್ಲಿ ನಿಂತಳು. ಮಾತಾಡದೆ ಇರಲಿ ಎಂದು ಅವನು ಒಳಗೇ ಬೇಡಿಕೊಂಡ.

“ಬ್ಲೇಡು ಅಲ್ಲಾಡಿದ್ರೆ ಅಂಚು ಉದ್ದಕ್ಕೂ ಒಂದೇ ತರ ಕೆಡಬೇಕು ಭಾವ. ಅದು ಒಂದೊಂದು ಕಡೆ ಒಂದೊಂದು ತರ ಇತ್ತು,” ಎಂದಳು. “ನಾನು ಅವರಿಗೆ ಹೇಳಿಲ್ಲ. ಹೇಳೋದೂ ಇಲ್ಲ. ನನಗೆ ಕಲಿಸಿ. ನೀವು ಪಕ್ಕದಲ್ಲಿ ನಿಂತಿರಿ ಸಾಕು, ನಾನು ಕುಯ್ತೀನಿ. ಯಾರಿಗೂ ಗೊತ್ತಾಗಲ್ಲ.”

ಅವಳು ಬಾಚಣಿಗೆಯ ಹಲ್ಲುಗಳ ಮೇಲೆ ಬೆರಳಿಟ್ಟು ಒತ್ತಿ ನೋಡಿದಳು. ಇದು ಚೆನ್ನಾಗಿದೆ ಎಂದಳು. ಅವನು ಅದನ್ನು ಯಾಕೆ ಮಾಡಿದ್ದಾನೆಂದು ನೋಡಿದ ತಕ್ಷಣ ತಿಳಿದ ಬೆರಳು ಅದು. ನೂಲಪ್ಪನ ಕಿವಿ ಬಿಸಿಯಾಯಿತು. ಕರುಣೆಯೋ, ಇಷ್ಟು ವರ್ಷ ಕಾದು ಕೂತವಳ ಆಸೆಯೋ, ಎರಡೂ ಸೇರಿಯೋ. ಅವಳ ಮುಖದಲ್ಲಿ ಅವನಿಗೆ ಬಿಡಿಸಿ ನೋಡಲಾಗಲಿಲ್ಲ. ಎಷ್ಟು ದಿನದಿಂದ ಇವಳು ಆ ಮೂಲೆಯಲ್ಲಿ ಕೂತು ತನ್ನ ಒಂದೊಂದು ನಡುಕವನ್ನೂ ಉಪ್ಪು ಕಾಗದದಲ್ಲಿ ಉಜ್ಜಿ ಅಳಿಸುತ್ತಿದ್ದಾಳೆ? ಹಿಂದೆ ಕೊಟ್ಟ ಎಷ್ಟು ಬಾಗಿಲು, ಎಷ್ಟು ಮೇಜು, ತಾನು ನೂಲಪ್ಪ ಎಂದು ಬೀಗುತ್ತ ಸಾಗಿಸಿದ್ದು, ನಿಜವಾಗಿ ಅವಳ ಕೈಯದು? ಮನೆಯಲ್ಲಿ ಒಬ್ಬಳು ಅರ್ಧ ಲೋಟ ಬಗ್ಗಿಸುತ್ತಾಳೆ, ಇಲ್ಲಿ ಒಬ್ಬಳು. ತಾನೊಬ್ಬನೇ ಮುಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡದ್ದನ್ನು ಸುತ್ತಲೂ ಕೂತು ಎಲ್ಲರೂ ಮುಚ್ಚಿಡುತ್ತಿದ್ದಾರೆ. ಕೃತಜ್ಞತೆ ಬರಬೇಕಾದ ಕಡೆ ಅವನಿಗೆ ಬಂದದ್ದು ರೋಷ. ನನಗೇನಾಗಿದೆ ಎಂದು ಕೇಳಿದ. ಅವಳು ಅವನ ಕೈ ನೋಡಿದಳು. ತಿರುಪುಳಿ ತಿರುಪಿನ ತಲೆಯ ಮೇಲೆ ಟಿಕಟಿಕ ಎನ್ನುತ್ತಿತ್ತು.

ಅವನು ತಿರುಪನ್ನು ಬಿಚ್ಚಿದ. ಬಾಚಣಿಗೆಯನ್ನು ಕಿತ್ತು ನೆಲಕ್ಕೆ ಹಾಕಿದ. ತಳ್ಳುಹಿಡಿಗಳನ್ನು ಬದಿಗೆ ಸರಿಸಿದ. ಭಾವ, ಬೇಡ, ಅವರು ಬರಲಿ ಎಂದಳು ಅವಳು. ಅವನು ಕೇಳಲಿಲ್ಲ. ಮೋಟರು ಹೂಂಕರಿಸಿ, ಆಮೇಲೆ ನೇರ ಸಿಳ್ಳಿಗೆ ಬಂದು ನಿಂತಿತು. ಎಡಗೈ ಹಲಗೆಯ ಬದಿಗೆ, ಬಲಗೈ ಹಿಂದೆ, ಕಾಲು ಅಗಲ, ಉಸಿರು ಒಳಗೆ. ಮೈ ಎಲ್ಲವನ್ನೂ ಮರೆಯದೆ ಮಾಡಿತು. ಬ್ಲೇಡು ಮರ ಮುಟ್ಟಿದಾಗ ಹಳೆಯ ತೇಗದ ವಾಸನೆ ಎದ್ದಿತು. ಮೊದಲ ಗೇಣು ನೂಲಿನ ಹಾಗೆ ಹೋಯಿತು. ಹೋಗುತ್ತಿದೆ, ನೋಡೇ, ಹೋಗುತ್ತಿದೆ ಎಂದು ಒಳಗೆ ಯಾರೋ ಕುಣಿದರು. ನಡುವಿಗೆ ಬರುವಷ್ಟರಲ್ಲಿ ಎಡಗೈಯ ಬೆರಳುಗಳು ತಮ್ಮ ಪಾಡಿಗೆ ತಾವು ಹೊರಟವು. ಅವನು ಒತ್ತಿದ, ಹೆಚ್ಚಾಯಿತು. ಸಡಿಲ ಬಿಟ್ಟ, ಹಲಗೆ ಗೈಡಿನಿಂದ ಕೂದಲೆಳೆಯಷ್ಟು ಆಚೆ ಸರಿಯಿತು, ಮತ್ತೆ ತಾಗಿತು, ಮತ್ತೆ ಸರಿಯಿತು. ಸಿಳ್ಳು ನರಳಿಕೆಯಾಯಿತು. ಸುಟ್ಟ ವಾಸನೆ ಬಂತು. ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ, ಅವಳು ನೋಡುತ್ತಿದ್ದಳು. ಕೊನೆಯವರೆಗೂ ದೂಡಿ, ಮೊಣಕಾಲಿನಿಂದ ಆರಿಸುವ ಹಲಗೆಯನ್ನು ಒತ್ತಿದ. ಬ್ಲೇಡು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅಂಚಿನ ನಡುವಿನಿಂದ ತುದಿಯವರೆಗೆ ಅಲೆ, ಅಲೆಯ ಉಬ್ಬಿನಲ್ಲೆಲ್ಲ ಕರಿ ಕಲೆ. ಬಾಗಿಲಿಗೆ ಬೇಕಾದ ಅಗಲ ಅದರಲ್ಲಿ ಇನ್ನು ಉಳಿದಿರಲಿಲ್ಲ.

ತಮ್ಮ ಬಂದಾಗ ಇಬ್ಬರೂ ಹಾಗೇ ನಿಂತಿದ್ದರು. ಅವನು ನಗುತ್ತಲೇ ಒಳಗೆ ಬಂದು, ನನ್ನ ಬಿಟ್ಟು ಶುರು ಮಾಡಿಬಿಟ್ರಾ ಎನ್ನುತ್ತ ಹಲಗೆ ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದ. ನಗು ಅಲ್ಲೇ ಉಳಿದು ಮುಖ ಬೇರೆಯಾಯಿತು. ಹಲಗೆ ಇಳಿಸಿ ಮಂಡಿಯೂರಿ ಕೂತು ಹೊಸ ಗರಗಸದ ಬ್ಲೇಡನ್ನು, ಗೈಡನ್ನು ಮುಟ್ಟಿ ಮುಟ್ಟಿ ನೋಡಿದ. ಮುಖದ ರಕ್ತವೆಲ್ಲ ಇಳಿದಿತ್ತು. ತಲೆ ಎತ್ತಿ, ಇದೂ ಅಲ್ಲಾಡುತ್ತಾ ಅಣ್ಣ ಎಂದು ಕೇಳಿದ. ನೂಲಪ್ಪ ಬಾಯಿ ತೆರೆದ. ಹೌದು ಎನ್ನುತ್ತಿದ್ದನೋ, ಇಲ್ಲ ಕಣೋ, ನನ್ನ ಕೈ ಎನ್ನುತ್ತಿದ್ದನೋ, ಅದು ಅವನಿಗೆ ಆಮೇಲೂ ತಿಳಿಯಲಿಲ್ಲ.

“ನಾನು ಕುಯ್ದೆ,” ಎಂದಳು ಅವನ ತಮ್ಮನ ಹೆಂಡತಿ.

ತಮ್ಮ ಎದ್ದುನಿಂತ. ಏನು ಎಂದು ಮೆಲ್ಲಗೆ ಕೇಳಿದ. ಅವಳು ಅದನ್ನೇ ಇನ್ನೊಮ್ಮೆ ಹೇಳಿದಳು, ಭಾವ ಬೇಡ ಅಂದ್ರು, ನಾನೇ ಹಟ ಮಾಡಿದೆ ಎಂದು ಸೇರಿಸಿದಳು. ಸಿಟ್ಟು ಬಂದರೆ ಅವನು ಹಿಂದೆಮುಂದೆ ನೋಡುವವನಲ್ಲ. ಅವಳ ಯೋಗ್ಯತೆ ಉಪ್ಪು ಕಾಗದಕ್ಕೆ ಮಾತ್ರ ಎಂದ, ಆ ಮರ ಇನ್ನು ಜನ್ಮದಲ್ಲಿ ಸಿಗಲ್ಲ ಎಂದ, ಅಣ್ಣ ಇಷ್ಟು ವರ್ಷದಲ್ಲಿ ಕಟ್ಟಿದ ಹೆಸರನ್ನು ಒಂದೇ ಮಧ್ಯಾಹ್ನದಲ್ಲಿ ಮಣ್ಣುಪಾಲು ಮಾಡಿದೆ ಎಂದ. ನೆಲದ ಮೇಲಿದ್ದ ಬಾಚಣಿಗೆ ಅವನ ಕಾಲಿಗೆ ಸಿಕ್ಕಿ ಮೂಲೆಗೆ ಹಾರಿತು. ಅವಳ ಕಣ್ಣು ಅದರ ಹಿಂದೆಯೇ ಹೋಯಿತು. ನೂಲಪ್ಪ ಎರಡೂ ಕೈಯಲ್ಲಿ ಗೈಡನ್ನು ಹಿಡಿದು ನಿಂತಿದ್ದ. ಹೇಳು, ಈಗ ಹೇಳು ಎಂದು ಒಳಗಿನಿಂದ ಏನೋ ದೂಡುತ್ತಿತ್ತು. ತಮ್ಮನ ಬೈಗುಳದ ನಡುವೆ ಎರಡು ಮೂರು ಕಡೆ ಸಂದು ಸಿಕ್ಕಿತು, ಸಂದು ದಾಟಿಯೂ ಹೋಯಿತು. ಕಬ್ಬಿಣದ ಮೇಲೆ ಅವನ ಕೈಗಳು ಒಂದಿಷ್ಟೂ ಅಲ್ಲಾಡಲಿಲ್ಲ.

ಕೊನೆಗೆ ಅವನ ದನಿ ಬಂತು. ಅದು ಅವನಿಗೇ ಗುರುತು ಸಿಗದಷ್ಟು ಶಾಂತವಾಗಿತ್ತು, ಮನೆಗೆ ಹಿರಿಯನಾದವನ ದನಿ.

“ಹೋಗ್ಲಿ ಬಿಡೋ. ಮೊದಲನೇ ಸಲ ಯಾರಿಗೂ ನೇರ ಬರಲ್ಲ. ನಾಳೆಯಿಂದ ನಾನೇ ಹೇಳ್ಕೊಡ್ತೀನಿ.”

ತಮ್ಮ ಉಸಿರು ಬಿಟ್ಟ. ಕಣ್ಣಲ್ಲಿ ನೀರು ಬಂದಿತ್ತೋ ಏನೋ, ತೋಳಿನಿಂದ ಒರೆಸಿಕೊಂಡ. ಹೆಂಡತಿಯ ಕಡೆ ತಿರುಗಿ, ನೋಡು, ಬೇರೆ ಯಾರಾದ್ರೂ ಆಗಿದ್ರೆ ಇಷ್ಟೊತ್ತಿಗೆ ನಿನ್ನ ಹೊರಗೆ ಹಾಕ್ತಿದ್ರು, ಅಣ್ಣನ ಹತ್ರ ತಪ್ಪಾಯ್ತು ಅನ್ನು ಎಂದ.

ಅವಳು ತಲೆಯ ಬಟ್ಟೆಯನ್ನು ಸರಿಮಾಡಿಕೊಂಡು ನೂಲಪ್ಪನ ಮುಖವನ್ನು ನೇರವಾಗಿ ನೋಡಿದಳು.

“ತಪ್ಪಾಯ್ತು ಭಾವ,” ಎಂದಳು.

ಪರವಾಗಿಲ್ಲ ಎಂದ ನೂಲಪ್ಪ.